ಜಟಕಾ ಕುದುರೆಯ ಜೀನು: ಬೆನ್ನಿಗೆ ತಕ್ಕಂತೆ ಹೊಂದುವ ಚೌಕಟ್ಟು

ಈ ಜೀನಿನ ಮೇಲೆ ಯಾರೂ ಕೂರುವುದಿಲ್ಲ. ಗಾಡಿಯ ಮುಂಭಾರ ಹೊರುವುದಷ್ಟೇ ಅದರ ಕೆಲಸ. ಎಳೆತವೆಲ್ಲ ಎದೆಪಟ್ಟಿ ಅಥವಾ ಕೊರಳಪಟ್ಟಿಯದು. ನಾಲ್ಕು ಗಾಲಿಯ ಸಾರೋಟಿನಲ್ಲಿ ಈ ಭಾರ ಅತ್ಯಲ್ಪ. ಮೈಸೂರಿನ ಟಾಂಗಾದಂಥ ಎರಡು ಗಾಲಿಯ ಗಾಡಿಯಲ್ಲಿ ಹಿಂದೆ ಮುಂದೆ ಕೂತವರ ತೂಕ ಸರಿದೂಗದಿದ್ದರೆ ಕುದುರೆಯ ಬೆನ್ನಿಗೇ ಪೆಟ್ಟು.

ಬೆನ್ನುಮೂಳೆಗೆ ಏನೂ ಒತ್ತಬಾರದು. ಅದಕ್ಕೇ ಅಕ್ಕಪಕ್ಕ ಎರಡು ಮೆತ್ತೆ, ನಡುವೆ ಗಾಳಿಯಾಡುವ ಸಂದು. ಆದರೆ ಒಂದು ಕುದುರೆಯ ಬೆನ್ನು ಅಗಲ, ಇನ್ನೊಂದರದು ಚೂಪು. ಮೇವು ಕಡಿಮೆಯಾದರೆ ಅದೇ ಕುದುರೆಯೂ ಸೊರಗೀತು. ಗಟ್ಟಿ ಚೌಕಟ್ಟು ಆಗ ಹುಣ್ಣು ಮಾಡುತ್ತದೆ. ಚೌಕಟ್ಟಿನ ನಡುವೆ ಕೀಲು ಇಟ್ಟರೆ ಮೆತ್ತೆಗಳು ಬೆನ್ನಿನ ಇಳಿಜಾರಿಗೆ ಒಗ್ಗುತ್ತವೆ. ಕುದುರೆಯ ಎರಡೂ ಬದಿಗೆ ಚಾಚಿದ ಗಾಡಿಯ ಮರಗಳನ್ನು ಎತ್ತಿಹಿಡಿಯುವ ಪಟ್ಟಿ ಜೀನಿನೊಳಗೆ ಅತ್ತಿತ್ತ ಜಾರುವಂತಿದ್ದರೆ, ರಸ್ತೆಯ ಓರೆಗೆ ಗಾಡಿ ವಾಲಿದರೂ ಜೀನು ತನ್ನ ಜಾಗದಲ್ಲೇ ಕೂತಿರುತ್ತದೆ.