ಗೃಹ ಹವಾಮಾನ ಕೇಂದ್ರ

ಗೃಹ ಹವಾಮಾನ ಕೇಂದ್ರವು ಮನೆಯ ಒಳಗಿನ ಹಾಗೂ ಹೊರಗಿನ ಉಷ್ಣಾಂಶ, ಆರ್ದ್ರತೆ ಮತ್ತು ವಾಯುಭಾರವನ್ನು ಅಳೆದು ತೋರಿಸುವ ಚಿಕ್ಕ ವಿದ್ಯುನ್ಮಾನ ಉಪಕರಣವಾಗಿದೆ. ಹಾಸಿಗೆಯ ಪಕ್ಕದಲ್ಲಿ ಇರಿಸಿಕೊಳ್ಳುವ ಮಾದರಿಗಳಲ್ಲಿ ಅಲಾರಂ ಗಡಿಯಾರವೂ ಸೇರಿರುತ್ತದೆ. ಇದರ ಅಳತೆಗಳು ಎಷ್ಟು ವಿಶ್ವಾಸಾರ್ಹ ಎಂಬುದು ಸಂವೇದಕವನ್ನು ಇರಿಸಿದ ಸ್ಥಳವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ರಚನೆ

ಉಪಕರಣದಲ್ಲಿ ಎರಡು ಭಾಗಗಳಿವೆ. ಪರದೆಯುಳ್ಳ ಮುಖ್ಯ ಘಟಕವು ಮನೆಯೊಳಗಿರುತ್ತದೆ. ಸಂವೇದಕವು ಹೊರಗಿದ್ದು, ತನ್ನ ಅಳತೆಗಳನ್ನು ರೇಡಿಯೋ ಅಲೆಗಳ ಮೂಲಕ ಕಳುಹಿಸುತ್ತದೆ. ಇದಕ್ಕೆ ಯುರೋಪಿನ ಮಾದರಿಗಳಲ್ಲಿ 433 ಅಥವಾ 868 ಮೆಗಾಹರ್ಟ್ಸ್, ಉತ್ತರ ಅಮೆರಿಕದ ಮಾದರಿಗಳಲ್ಲಿ 433 ಅಥವಾ 915 ಮೆಗಾಹರ್ಟ್ಸ್ ಆವರ್ತನಗಳು ಬಳಕೆಯಲ್ಲಿವೆ. ಕಾಂಕ್ರೀಟ್ ಗೋಡೆ ಮತ್ತು ಲೋಹದ ಬಾಗಿಲುಗಳು ಈ ಅಲೆಗಳನ್ನು ದುರ್ಬಲಗೊಳಿಸುತ್ತವೆ.

ಸ್ಥಾಪನೆ

ಸಾಮಾನ್ಯವಾಗಿ ಮೊದಲು ಸಂವೇದಕಕ್ಕೂ ಅನಂತರ ಮುಖ್ಯ ಘಟಕಕ್ಕೂ ಬ್ಯಾಟರಿ ಹಾಕಿ, ಎರಡನ್ನೂ ಹತ್ತಿರವಿಟ್ಟು ಸಂಪರ್ಕ ಏರ್ಪಟ್ಟ ಮೇಲೆ ಸಂವೇದಕವನ್ನು ಹೊರಗೆ ಅಳವಡಿಸಲಾಗುತ್ತದೆ. ಸಂವೇದಕಕ್ಕೆ ನೇರ ಬಿಸಿಲು ಮತ್ತು ಮಳೆ ತಗಲಬಾರದು. ಗಾಳಿ ಧಾರಾಳವಾಗಿ ಆಡುತ್ತಿರಬೇಕು. ಬಿಸಿಲಿಗೆ ಒಡ್ಡಿದ ಸಂವೇದಕವು ಗಾಳಿಯ ಉಷ್ಣಾಂಶದ ಬದಲು ತನ್ನದೇ ಕಾದ ಕವಚದ ಉಷ್ಣಾಂಶವನ್ನು ತೋರಿಸುತ್ತದೆ. ಹವಾಮಾನ ವೀಕ್ಷಣಾಲಯಗಳಲ್ಲಿ ಉಷ್ಣಮಾಪಕಗಳನ್ನು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗೆ ಇರಿಸುವುದು ಇದೇ ಕಾರಣಕ್ಕಾಗಿ. ತಾರಸಿ, ತಗಡಿನ ಛಾವಣಿ ಮತ್ತು ಅಡುಗೆಮನೆಯ ಕಿಟಕಿ ಸೂಕ್ತ ಸ್ಥಳಗಳಲ್ಲ.

ಗಡಿಯಾರ ಮತ್ತು ಅಲಾರಂ

ಯುರೋಪಿನ ಅನೇಕ ಮಾದರಿಗಳು ಜರ್ಮನಿಯ ಮೈನ್‌ಫ್ಲಿಂಗನ್‌ನಿಂದ 77.5 ಕಿಲೋಹರ್ಟ್ಸ್‌ನಲ್ಲಿ ಪ್ರಸಾರವಾಗುವ ಡಿಸಿಎಫ್77 ಸಂಕೇತವನ್ನು ಗ್ರಹಿಸಿ ಸಮಯವನ್ನು ತಾವಾಗಿಯೇ ಸರಿಪಡಿಸಿಕೊಳ್ಳುತ್ತವೆ. ಇದರ ವ್ಯಾಪ್ತಿ ಸುಮಾರು 2000 ಕಿಲೋಮೀಟರ್. ಆದ್ದರಿಂದ ವಿದೇಶದಿಂದ ಭಾರತಕ್ಕೆ ತಂದ ಇಂತಹ ಉಪಕರಣದಲ್ಲಿ ಸಂಕೇತಗ್ರಹಣವನ್ನು ನಿಲ್ಲಿಸಿ, ಸಮಯವನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ. ಬ್ಯಾಟರಿ ಬದಲಿಸಿದಾಗ ಗಡಿಯಾರ ಮತ್ತು ಅಲಾರಂಗಳೆರಡನ್ನೂ ಮರಳಿ ಪರಿಶೀಲಿಸುವುದು ಅಗತ್ಯ. ಕೆಲವು ಮಾದರಿಗಳಲ್ಲಿ ಉಷ್ಣಾಂಶವು ನಿಗದಿತ ಮಿತಿಯನ್ನು ದಾಟಿದಾಗಲೂ ಗಂಟೆ ಬಾರಿಸುವ ಸೌಲಭ್ಯವಿದೆ.

ವಾಯುಭಾರ ಮತ್ತು ಮುನ್ಸೂಚನೆ

ಸಮುದ್ರಮಟ್ಟದ ಸಮೀಪದಲ್ಲಿ ಸುಮಾರು 8 ಮೀಟರ್ ಮೇಲೇರಿದಂತೆ ವಾಯುಭಾರವು 1 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಹೀಗಾಗಿ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ವಾಯುಭಾರವು ಕರಾವಳಿಯ ಮಂಗಳೂರಿಗಿಂತ ಸುಮಾರು 100 ಹೆಕ್ಟೋಪ್ಯಾಸ್ಕಲ್‌ನಷ್ಟು ಕಡಿಮೆ. ಸ್ಥಳದ ಎತ್ತರವನ್ನು ಉಪಕರಣಕ್ಕೆ ನೀಡಿದರೆ ಮಾತ್ರ ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿಯನ್ನು ಸರಿಯಾಗಿ ತೋರಿಸುತ್ತದೆ.

ಪರದೆಯ ಮೇಲೆ ಮೂಡುವ ಸೂರ್ಯ, ಮೋಡ ಮತ್ತು ಮಳೆಯ ಚಿತ್ರಗಳಿಗೆ ಸರಳ ಮಾದರಿಗಳಲ್ಲಿ ವಾಯುಭಾರದ ಏರಿಳಿತವೇ ಮುಖ್ಯ ಆಧಾರ. ಉಷ್ಣವಲಯದಲ್ಲಿ ವಾಯುಭಾರವು ಪ್ರತಿದಿನ ಬೆಳಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಏರಿ, ಮುಂಜಾನೆ ಮತ್ತು ಸಂಜೆ ಸುಮಾರು 4 ಗಂಟೆಗೆ ಇಳಿಯುತ್ತದೆ. ಈ ಸಹಜ ಇಳಿತವನ್ನೇ ಉಪಕರಣವು ಮಳೆಯ ಸೂಚನೆಯೆಂದು ತಪ್ಪಾಗಿ ಗ್ರಹಿಸಬಹುದು.

ಮಿತಿಗಳು

ಬೇಸಿಗೆಯ ಮಧ್ಯಾಹ್ನಗಳಲ್ಲಿ ಸ್ಥಳೀಯವಾಗಿ ರೂಪುಗೊಳ್ಳುವ ಗುಡುಗು ಮಳೆಯನ್ನು ಈ ಚಿತ್ರಗಳು ಮುಂಚಿತವಾಗಿ ತೋರಿಸದಿರಬಹುದು. ಸೂರ್ಯನ ಚಿತ್ರವನ್ನು ನಂಬಿ ಹೊಲಕ್ಕೆ ಅಥವಾ ಕಡಲಿಗೆ ತೆರಳುವುದು ಅಪಾಯಕಾರಿ. ಸಿಡಿಲು, ಚಂಡಮಾರುತ ಮತ್ತು ಭಾರೀ ಮಳೆಯ ವಿಷಯದಲ್ಲಿ ಭಾರತ ಹವಾಮಾನ ಇಲಾಖೆ ಹಾಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮುನ್ನೆಚ್ಚರಿಕೆಗಳನ್ನೇ ಅನುಸರಿಸಬೇಕು. ಗೃಹ ಹವಾಮಾನ ಕೇಂದ್ರವು ಆ ಕ್ಷಣದ ಸ್ಥಳೀಯ ಸ್ಥಿತಿಯನ್ನು ತಿಳಿಯಲು ಮತ್ತು ದಿನನಿತ್ಯದ ಅಳತೆಗಳನ್ನು ದಾಖಲಿಸಿಕೊಳ್ಳಲು ಹೆಚ್ಚು ಉಪಯುಕ್ತ.