ಮನೆಯಿಂದಲೇ ಕಾಲೇಜು: ಕರ್ನಾಟಕದ ಆನ್‌ಲೈನ್ ತರಗತಿಗಳು (2020–2022)

ಕೋವಿಡ್-19 ಸಾಂಕ್ರಾಮಿಕದ ಕಾರಣ 2020ರ ಮಾರ್ಚ್‌ನಿಂದ 2022ರ ಜನವರಿಯವರೆಗೆ, ನಡುನಡುವೆ ಕಾಲೇಜುಗಳು ತೆರೆದು ಮುಚ್ಚುತ್ತಿದ್ದ ಅವಧಿಯಲ್ಲಿ, ಕರ್ನಾಟಕದ ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಫೋನು ಅಥವಾ ಕಂಪ್ಯೂಟರಿನಲ್ಲಿ ಪಾಠ ಕೇಳಿದ ವ್ಯವಸ್ಥೆ. ಪದವಿಪೂರ್ವ, ಪದವಿ, ಡಿಪ್ಲೊಮಾ, ಎಂಜಿನಿಯರಿಂಗ್, ವೈದ್ಯಕೀಯ ಎಲ್ಲ ಹಂತದವರೂ ಇದಕ್ಕೆ ಒಳಪಟ್ಟಿದ್ದರು. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನ 190ಕ್ಕೂ ಹೆಚ್ಚು ದೇಶಗಳಲ್ಲಿ 150 ಕೋಟಿಗೂ ಮಿಕ್ಕಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು ಎಂಬುದು ಯುನೆಸ್ಕೊ ಲೆಕ್ಕ. ಈ ಎರಡು ವರ್ಷಗಳ ಕಥೆಯನ್ನು ತಂತ್ರಜ್ಞಾನದ ಕಥೆಯಾಗಿ ಹೇಳುವವರೇ ಹೆಚ್ಚು. ಆದರೆ ಓದು ಮುಂದುವರಿದದ್ದೂ ಮುರಿದುಬಿದ್ದದ್ದೂ ಮನೆಯ ಸ್ಥಿತಿಯ ಮೇಲೆ: ಎಷ್ಟು ಕೋಣೆ, ಎಷ್ಟು ಜನರ ನಡುವೆ ಎಷ್ಟು ಫೋನು, ಯಾವ ಮೂಲೆಯಲ್ಲಿ ಸಿಗ್ನಲ್.

ಹಿನ್ನೆಲೆ

ದೂರದಿಂದ ಪಾಠ ಹೇಳುವುದು ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಸಂಸ್ಥೆ ತೆರೆದಿತ್ತು; ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1975–76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಶೈಕ್ಷಣಿಕ ಟಿ.ವಿ. ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಸೇರಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ದೂರದರ್ಶನದಲ್ಲಿ ಕಾಲೇಜು ಪಾಠಗಳನ್ನು ಶುರುಮಾಡಿತು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಪಾಲ್ಗೊಂಡಿತ್ತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸಿದ ಎನ್‌ಪಿಟಿಇಎಲ್‌ನ ವಿಡಿಯೊ ಪಾಠಗಳು ಎಂಜಿನಿಯರಿಂಗ್ ಹುಡುಗರಿಗೆ ಪರೀಕ್ಷೆಯ ಹಿಂದಿನ ದಿನದ ಆಸರೆಯಾಗಿದ್ದವು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ಬಂತು.

ಇವುಗಳಲ್ಲಿ ಕೆಲವನ್ನು ಜನ ಸಭಾಂಗಣದಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಒಟ್ಟಿಗೆ ಕೂತು ನೋಡುತ್ತಿದ್ದರು; ಉಳಿದವು ಬೇಕೆಂದು ಆರಿಸಿಕೊಂಡವರ ಪಾಲಿಗೆ. ಇಡೀ ಕಾಲೇಜನ್ನೇ ಒಬ್ಬೊಬ್ಬ ವಿದ್ಯಾರ್ಥಿಯ ಮನೆಗೆ ಕಳುಹಿಸುವ ಯೋಚನೆ ಯಾರಿಗೂ ಇರಲಿಲ್ಲ. ಅದಕ್ಕೆ ಬೇಕಾದ ಸರಂಜಾಮೂ ಇರಲಿಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ಸುಮಾರು ಶೇ 15ರಷ್ಟರಲ್ಲಿ, ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ. ಪಟ್ಟಣಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ 42 ಮತ್ತು ಶೇ 23.4. 2016ರ ನಂತರ ಡೇಟಾ ಅಗ್ಗವಾಗಿ ಸ್ಮಾರ್ಟ್‌ಫೋನು ಹಳ್ಳಿಹಳ್ಳಿಗೂ ಬಂದಿತ್ತು, ನಿಜ. ಆದರೆ ಅದು ಬಹುಪಾಲು ಮನೆಗಳಲ್ಲಿ ಅಪ್ಪನ ಜೇಬಿನಲ್ಲಿರುವ ಒಂದೇ ಫೋನು.

ಒಂದು ವಾರದ ರಜೆ

ಭಾರತದಲ್ಲಿ ಕೋವಿಡ್‌ನಿಂದ ಮೊದಲ ಸಾವು ಸಂಭವಿಸಿದ್ದು ಕಲಬುರಗಿಯ ವೃದ್ಧರೊಬ್ಬರದು, 2020ರ ಮಾರ್ಚ್ 10ರಂದು. ಸೋಂಕು ಖಚಿತವಾದದ್ದು 12ಕ್ಕೆ. ಮರುದಿನವೇ ರಾಜ್ಯ ಸರ್ಕಾರ ಮಾಲು, ಚಿತ್ರಮಂದಿರ, ವಿಶ್ವವಿದ್ಯಾಲಯಗಳನ್ನು ಒಂದು ವಾರ ಮುಚ್ಚುವಂತೆ ಆದೇಶಿಸಿತು. ಹಾಸ್ಟೆಲ್ ವಿದ್ಯಾರ್ಥಿಗಳು ಒಂದು ವಾರದ ರಜೆಯೆಂದು ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಊರಿಗೆ ಹೋದರು. ಪುಸ್ತಕ, ನೋಟ್ಸು, ರೆಕಾರ್ಡು ರೂಮಿನಲ್ಲೇ ಉಳಿದವು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಮುಂದೆ ತಿಂಗಳುಗಟ್ಟಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಯಾರ ಹತ್ರ ಆದ್ರೂ ಮೂರನೇ ಯೂನಿಟ್ ನೋಟ್ಸ್ ಫೋಟೊ ಇದ್ಯಾ?’ ಎಂಬ ಕೋರಿಕೆ ತಿರುಗುತ್ತಲೇ ಇತ್ತು.

ಮೊದಲ ವಾರಗಳ ಬೋಧನೆ ವಾಟ್ಸ್‌ಆ್ಯಪ್‌ನಲ್ಲೇ ನಡೆಯಿತು: ಅಧ್ಯಾಪಕರ ವಾಯ್ಸ್ ನೋಟು, ಕೈಬರಹದ ಹಾಳೆಯ ಚಿತ್ರ, ಪಿಡಿಎಫ್. ಏಪ್ರಿಲ್‌ನಿಂದ ಜೂಮ್, ಗೂಗಲ್ ಮೀಟ್, ಗೂಗಲ್ ಕ್ಲಾಸ್‌ರೂಮ್‌ಗಳ ಬಳಕೆ ಬೆಳೆಯಿತು. ಜೂಮ್ ಸುರಕ್ಷಿತವಲ್ಲವೆಂದು ಕೇಂದ್ರ ಗೃಹ ಇಲಾಖೆ ಏಪ್ರಿಲ್ 16ರಂದು ಎಚ್ಚರಿಸಿದರೂ ಕಾಲೇಜುಗಳು ಅದನ್ನೇನೂ ಬಿಡಲಿಲ್ಲ. ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ಒಂದು ತಾಸಿನ ಪಾಠ ಎರಡು ಲಿಂಕುಗಳಲ್ಲಿ ನಡೆಯುತ್ತಿತ್ತು, ಎರಡನೆಯದಕ್ಕೆ ಅರ್ಧ ತರಗತಿ ಮರಳುತ್ತಿರಲಿಲ್ಲ. ಏಪ್ರಿಲ್‌ನಲ್ಲೇ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಆಕಾಂಕ್ಷಿಗಳಿಗಾಗಿ ರಾಜ್ಯ ಸರ್ಕಾರ ‘ಗೆಟ್‌ಸೆಟ್‌ಗೋ’ ಎಂಬ ಉಚಿತ ಆನ್‌ಲೈನ್ ತರಬೇತಿ ಆರಂಭಿಸಿತು. 2020–21ನೇ ಸಾಲಿನ ಪದವಿ ತರಗತಿಗಳು ಸೆಪ್ಟೆಂಬರ್ 1ರಿಂದ ಅಧಿಕೃತವಾಗಿ ಆನ್‌ಲೈನ್‌ನಲ್ಲೇ ಶುರುವಾದವು.

ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಜೂನ್‌ನಲ್ಲಿ ಸರ್ಕಾರ ನಿಷೇಧ ಹೇರಿದ್ದೂ, ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿದ್ದೂ ಶಾಲೆಗೆ ಸಂಬಂಧಿಸಿದ ಪ್ರಕರಣ. ಕಾಲೇಜುಗಳ ವಿಷಯದಲ್ಲಿ ಅಂಥ ಪ್ರಶ್ನೆಯನ್ನೇ ಯಾರೂ ಎತ್ತಲಿಲ್ಲ. ದೊಡ್ಡವರು, ಹೇಗೋ ನಿಭಾಯಿಸುತ್ತಾರೆ ಎಂಬ ಗ್ರಹಿಕೆ ಸರ್ಕಾರಕ್ಕೂ ಇತ್ತು, ಪೋಷಕರಿಗೂ ಇತ್ತು.

ಮನೆಯೊಳಗೆ

ವಿಡಿಯೊ ಹಾಕಿಕೊಂಡು ಒಂದು ತಾಸು ತರಗತಿಯಲ್ಲಿದ್ದರೆ ಅರ್ಧ ಜಿಬಿಗೂ ಹೆಚ್ಚು ಡೇಟಾ ಹೋಗುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು ಹಾಕಿಸಿದವರಿಗೆ ಮಧ್ಯಾಹ್ನದೊಳಗೆ ಅದು ಖಾಲಿ. ಕ್ಯಾಮೆರಾ ಆಫ್ ಮಾಡಿ ಕೂರುವುದು ಹೀಗಾಗಿ ಮೊದಲಿಗೆ ಉಳಿತಾಯದ ಉಪಾಯವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಸಂಕೋಚ. ಹಿಂದೆ ಸುಣ್ಣ ಕಾಣದ ಗೋಡೆ, ಪಕ್ಕದಲ್ಲಿ ಬೀಡಿ ಕಟ್ಟುವ ಅಮ್ಮ, ಒಂದೇ ಕೋಣೆಯಲ್ಲಿ ಟಿ.ವಿ. ನೋಡುವ ಅಜ್ಜ: ಇದನ್ನೆಲ್ಲ ಅರವತ್ತು ಜನ ಸಹಪಾಠಿಗಳಿಗೆ ತೋರಿಸಲು ಯಾರಿಗೂ ಮನಸ್ಸಿರಲಿಲ್ಲ. ಕಾಲೇಜಿನ ಬೆಂಚು ಈ ವ್ಯತ್ಯಾಸಗಳನ್ನು ದಿನಕ್ಕೆ ಆರು ತಾಸಾದರೂ ಮುಚ್ಚಿಡುತ್ತಿತ್ತು. ಕ್ಯಾಮೆರಾ ಅದನ್ನು ಬಯಲಿಗೆಳೆಯಿತು. ‘ಎಲ್ಲರೂ ಕ್ಯಾಮೆರಾ ಆನ್ ಮಾಡಿ’ ಎಂಬ ಅಧ್ಯಾಪಕರ ಒತ್ತಾಯಕ್ಕೆ ‘ನೆಟ್‌ವರ್ಕ್ ಇಶ್ಯೂ ಸರ್’ ಎಂಬ ಉತ್ತರ ಸಿದ್ಧವಿತ್ತು. ಎಷ್ಟೋ ಸಲ ಅದು ನೆಪ, ಅಷ್ಟೇ ಸಲ ನಿಜ.

ಹಾಜರಿ ಚಾಟ್ ಪೆಟ್ಟಿಗೆಗೆ ಬಂತು. ಕೊನೆಯ ಐದು ನಿಮಿಷದಲ್ಲಿ ನೋಂದಣಿ ಸಂಖ್ಯೆ ಟೈಪಿಸುವಂತೆ ಹೇಳಿದಾಗ, ಅಲ್ಲಿಯತನಕ ಮೌನವಾಗಿದ್ದ ಪರದೆ ಅಂಕಿಗಳಿಂದ ತುಂಬುತ್ತಿತ್ತು. ಲಾಗಿನ್ ಮಾಡಿ ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗಿದವರದ್ದೂ, ಗೆಳೆಯನಿಗೆ ‘ನಂದೂ ಒಂದು ಹಾಕು’ ಎಂದು ಮೆಸೇಜು ಮಾಡಿದವರದ್ದೂ ಅದರಲ್ಲಿರುತ್ತಿತ್ತು. ಇದನ್ನು ಬರೀ ಸೋಮಾರಿತನವೆನ್ನುವುದು ಅನ್ಯಾಯ. ಐದು ಇಂಚಿನ ಪರದೆಯಲ್ಲಿ ಥರ್ಮೊಡೈನಮಿಕ್ಸಿನ ಸಮೀಕರಣವನ್ನು ಮೂರು ತಾಸು ದಿಟ್ಟಿಸಿ ನೋಡಿದವರಿಗೆ ಅದರ ಕಷ್ಟ ಗೊತ್ತು.

ಒಂದೇ ಫೋನಿಗೆ ಅಣ್ಣ-ತಂಗಿ ಇಬ್ಬರ ತರಗತಿ ಬಿದ್ದಾಗ ಬಿಟ್ಟುಕೊಟ್ಟವಳು ಸಾಮಾನ್ಯವಾಗಿ ತಂಗಿ. ಮನೆಯಲ್ಲಿದ್ದೀಯಲ್ಲ ಎಂದು ಹುಡುಗಿಯರಿಗೆ ಅಡುಗೆ, ಪಾತ್ರೆಯ ಕೆಲಸ ಸೇರಿಕೊಂಡಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರೊಟ್ಟಿ ತಟ್ಟುತ್ತ ಪಾಠ ಕೇಳಿದವರಿದ್ದಾರೆ. ಹುಡುಗರಲ್ಲಿ ಹಲವರು ದುಡಿಮೆಗಿಳಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪದವಿ ವಿದ್ಯಾರ್ಥಿಗಳು ಉದ್ಯೋಗ ಖಾತ್ರಿಯ ಕೆರೆ ಹೂಳು ತೆಗೆಯುವ ಕೆಲಸಕ್ಕೆ ಹೋದರು. 2020–21ರಲ್ಲಿ ಅದರ ದಿನಗೂಲಿ 275 ರೂಪಾಯಿ.

ಮಲೆನಾಡು, ಕರಾವಳಿಯ ಒಳಭಾಗಗಳಲ್ಲಿ ಫೋನಿದ್ದರೂ ನೆಟ್‌ವರ್ಕ್ ಇರಲಿಲ್ಲ. ಗುಡ್ಡದ ತುದಿ, ರಸ್ತೆಯ ತಿರುವು, ಬಸ್ ತಂಗುದಾಣ ಎಲ್ಲೆಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆಂಬುದು ಊರವರಿಗೆಲ್ಲ ಗೊತ್ತಾಯಿತು. ಅಂಥಲ್ಲಿ ಟಾರ್ಪಾಲು, ಅಡಿಕೆ ಸೋಗೆಯ ಗುಡಿಸಲುಗಳು ಎದ್ದವು. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಬಾಲಕಿಯೊಬ್ಬಳು ಪಾಠ ಕೇಳುತ್ತಿದ್ದಾಗ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶದಾದ್ಯಂತ ಹರಿದಾಡಿತು. ಅವಳು ಕಾಲೇಜಿನವಳಲ್ಲ, ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ಆದರೆ ಈ ಕಾಲವನ್ನು ನೆನೆಯುವವರೆಲ್ಲ ಉಲ್ಲೇಖಿಸುವುದು ಅದೇ ಚಿತ್ರವನ್ನು. ಶಿವಮೊಗ್ಗ ಜಿಲ್ಲೆಯ ಕೆಲವು ಹಳ್ಳಿಗಳವರು ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಫಲಕ ಹಾಕಿದರು. ರಸ್ತೆ, ನೀರು, ಸೇತುವೆಗಳ ಬೇಡಿಕೆಯ ಸಾಲಿಗೆ ಟವರ್ ಸೇರಿತು.

ಪರದೆಯ ಆಚೆ ಬದಿ

ಅಧ್ಯಾಪಕರ ಪಾಡೂ ಸುಖದ್ದಲ್ಲ. ಕಪ್ಪು ಚೌಕಗಳ ಎದುರು ಪಾಠ ಮಾಡಿ, ಯಾರ ಮುಖದಲ್ಲೂ ಅರ್ಥವಾಯಿತೇ ಎಂದು ಓದಲಾಗದೆ, ‘ಕೇಳಿಸ್ತಿದೆಯಾ?’ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವುದೇ ಅವರ ಕೆಲಸವಾಯಿತು. ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ಬಹುಪಾಲು ಹೊತ್ತಿದ್ದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಗೆ ಲಾಕ್‌ಡೌನ್ ತಿಂಗಳುಗಳಲ್ಲಿ ಗೌರವಧನ ಸರಿಯಾಗಿ ಕೈಸೇರಲಿಲ್ಲ; ತರಕಾರಿ ಮಾರಿದವರು, ಕೂಲಿಗೆ ಹೋದವರು ಇದ್ದಾರೆ. ಅವರ ಗೌರವಧನ ಗಣನೀಯವಾಗಿ ಹೆಚ್ಚಿದ್ದು ದೀರ್ಘ ಹೋರಾಟದ ನಂತರ, 2022ರ ಜನವರಿಯಲ್ಲಿ. ಅದರ ಜತೆಗೇ ವಾರದ ಬೋಧನಾ ಅವಧಿ ಹೆಚ್ಚಿಸಿದ್ದರಿಂದ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು.

ಪ್ರಯೋಗಾಲಯದ ವಿಷಯಗಳಲ್ಲಿ ನಷ್ಟ ಇನ್ನೂ ಸ್ಪಷ್ಟ. ಸುರತ್ಕಲ್‌ನ ಎನ್‌ಐಟಿಕೆ ಸೇರಿ ಹಲವು ಸಂಸ್ಥೆಗಳು ರೂಪಿಸಿದ್ದ ವರ್ಚುವಲ್ ಲ್ಯಾಬ್‌ಗಳು ನೆರವಿಗೆ ಬಂದವು. ಆದರೆ ಮೌಸ್ ಕ್ಲಿಕ್ಕಿನಿಂದ ಟೈಟ್ರೇಶನ್ ಮಾಡಿದವರು, ಲೇತ್ ಯಂತ್ರ ಮುಟ್ಟದೆ ವರ್ಕ್‌ಶಾಪ್ ಪಾಸಾದವರು ಬ್ಯಾಚಿಗೆ ಬ್ಯಾಚೇ ಇದ್ದಾರೆ.

ವಿದೇಶದಲ್ಲಿ ಓದುತ್ತಿದ್ದ ಕನ್ನಡಿಗರದು ಬೇರೆಯೇ ಪ್ರಸಂಗ. ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದವರು 2020ರ ಆರಂಭದಲ್ಲಿ ಮರಳಿದ ಮೇಲೆ ಎರಡೂವರೆ ವರ್ಷ ಇಲ್ಲೇ ಉಳಿದರು. ಅಲ್ಲಿನ ಬೆಳಗಿನ ಎಂಟರ ತರಗತಿಗೆ ಇವರು ಐದೂವರೆಗೆ ಏಳಬೇಕು. ಅಮೆರಿಕಕ್ಕೆ ಪ್ರವೇಶ ಪಡೆದು ಹೋಗಲಾಗದವರಿಗೆ ನ್ಯೂಯಾರ್ಕಿನ ಬೆಳಗಿನ ಪಾಠ ರಾತ್ರಿ ಊಟದ ಹೊತ್ತಿಗೆ. ಪೂರ್ತಿ ಆನ್‌ಲೈನ್‌ನಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕೆಂದು ಅಮೆರಿಕ 2020ರ ಜುಲೈ 6ರಂದು ಹೊರಡಿಸಿದ ನಿಯಮ ಎಂಟೇ ದಿನದಲ್ಲಿ ರದ್ದಾಯಿತು. ಚೀನಾದಿಂದ ಮರಳಿದವರಿಗೆ ಇನ್ನೊಂದು ಆತಂಕ: ಆನ್‌ಲೈನ್‌ನಲ್ಲಷ್ಟೇ ಕಲಿತ ವೈದ್ಯ ಪದವಿಗೆ ಮಾನ್ಯತೆಯಿಲ್ಲವೆಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಲುವಾಗಿತ್ತು.

ತೆರೆಯುವುದು, ಮುಚ್ಚುವುದು

ಪದವಿ, ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳು 2020ರ ನವೆಂಬರ್ 17ರಂದು ತೆರೆದವು. ಬರುವವರು ಕೋವಿಡ್ ನೆಗೆಟಿವ್ ವರದಿ, ಪೋಷಕರ ಒಪ್ಪಿಗೆ ಪತ್ರ ತರಬೇಕು. ಬರಲೊಲ್ಲದವರು ಮನೆಯಿಂದಲೇ ಕೇಳಬಹುದು. ಮೊದಲ ದಿನಗಳಲ್ಲಿ ಕೊಠಡಿಯಲ್ಲಿ ಕೂತವರು ಬೆರಳೆಣಿಕೆಯಷ್ಟು. 2021ರ ಜನವರಿಯಲ್ಲಿ ತರಗತಿಗಳು ಹೆಚ್ಚುಕಡಿಮೆ ಮೊದಲಿನಂತಾದವು. ಏಪ್ರಿಲ್ 27ರ ರಾತ್ರಿ ಎರಡನೇ ಅಲೆಯ ಲಾಕ್‌ಡೌನ್ ಬಂತು. ಈ ಸಲ ಎಲ್ಲರಿಗೂ ಲಿಂಕು, ಲಾಗಿನ್ ಗೊತ್ತಿತ್ತು, ಆದರೆ ಮನೆಗಳಲ್ಲಿ ಕಾಯಿಲೆಯಿತ್ತು. ಆಸ್ಪತ್ರೆಯ ಹಾಸಿಗೆ ಹುಡುಕುತ್ತಿದ್ದ ಫೋನಿನಲ್ಲೇ ಇಂಟರ್ನಲ್ಸ್ ಬರೆಯಬೇಕಾದವರು ಅಧ್ಯಾಪಕರಿಗೆ ಕಳಿಸಿದ ರಜೆ ಅರ್ಜಿಗಳು ಎರಡು ಸಾಲಿನವು.

ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಯೋಜನೆ ಆರಂಭವಾಯಿತು. ಒಳ್ಳೆಯ ಕೆಲಸ, ಆದರೆ ಮೊದಲ ಲಾಕ್‌ಡೌನ್ ಕಳೆದು ಒಂದು ವರ್ಷದ ಮೇಲೆ. ಕನಿಷ್ಠ ಒಂದು ಡೋಸ್ ಲಸಿಕೆ ಪಡೆದವರಿಗೆ ಜುಲೈ 26ರಿಂದ ಕಾಲೇಜು ತೆರೆಯಿತು. 2022ರ ಜನವರಿಯ ಮೂರನೇ ಅಲೆ ಬೆಂಗಳೂರಿನಲ್ಲಿ ಕೆಲವೇ ವಾರ ತರಗತಿಗಳನ್ನು ಮತ್ತೆ ಪರದೆಗೆ ಕಳಿಸಿತು.

ಪರೀಕ್ಷೆ ಮತ್ತು ‘ಕೋವಿಡ್ ಬ್ಯಾಚ್’

ಪಾಠಕ್ಕಿಂತ ಹೆಚ್ಚು ಜಗಳವಾದದ್ದು ಪರೀಕ್ಷೆಯ ಮೇಲೆ. 2020ರ ಜುಲೈ 6ರಂದು ಯುಜಿಸಿ ಅಂತಿಮ ವರ್ಷದವರಿಗೆ ಪರೀಕ್ಷೆ ಕಡ್ಡಾಯ ಎಂದಿತು. ಉಳಿದವರನ್ನು ಆಂತರಿಕ ಅಂಕ ಮತ್ತು ಹಿಂದಿನ ಸೆಮಿಸ್ಟರಿನ ಆಧಾರದ ಮೇಲೆ ತೇರ್ಗಡೆ ಮಾಡುವುದಾಗಿ ಆಗಿನ ಉಪಮುಖ್ಯಮಂತ್ರಿ, ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಅದೇ ತಿಂಗಳು ಪ್ರಕಟಿಸಿದರು. ಯುಜಿಸಿ ನಿಲುವನ್ನು ಸುಪ್ರೀಂ ಕೋರ್ಟ್ ಆಗಸ್ಟ್ 28ರಂದು ಎತ್ತಿಹಿಡಿಯಿತು. ಆನ್‌ಲೈನ್‌ನಲ್ಲಿ ಪಾಠ ಮಾಡಿ ಆಫ್‌ಲೈನ್‌ನಲ್ಲಿ ಪರೀಕ್ಷೆ ಏಕೆ ಎಂದು ವಿಟಿಯು ವಿದ್ಯಾರ್ಥಿಗಳು ಟ್ವಿಟರ್‌ನಲ್ಲೂ ಬೀದಿಯಲ್ಲೂ ಕೇಳಿದರು.

2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಸೇರಿಸಿ ಜುಲೈ 20ರಂದು ಕೊಟ್ಟ ಫಲಿತಾಂಶದಲ್ಲಿ ಸುಮಾರು 6.66 ಲಕ್ಷ ವಿದ್ಯಾರ್ಥಿಗಳು ಪಾಸು. 600ಕ್ಕೆ 600 ಪಡೆದವರೇ 2,239 ಮಂದಿ. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಪರಿಗಣಿಸಲಿಲ್ಲ. ಆದರೆ 2022ರಲ್ಲಿ ಈ ಬ್ಯಾಚಿನ ಸುಮಾರು 24 ಸಾವಿರ ಮಂದಿ ಮತ್ತೆ ಸಿಇಟಿ ಬರೆದಾಗ ತೊಡಕು ಎದುರಾಯಿತು. ಹೊಸ ವಿದ್ಯಾರ್ಥಿಗಳಿಗೆ ಪಿಯುಸಿ ಅಂಕದ ಅರ್ಧಪಾಲು ಸೇರಿಸಿದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಇವರ ಅಂಕವನ್ನು ಕೈಬಿಟ್ಟಿತು. ಪರೀಕ್ಷೆ ಬರೆಯದೆ ಬಂದ ಅಂಕ ಎಂಬುದು ಪ್ರಾಧಿಕಾರದ ವಾದ. ಅಂಕಪಟ್ಟಿ ಕೊಟ್ಟವರು ನೀವೇ ಅಲ್ಲವೇ ಎಂಬುದು ವಿದ್ಯಾರ್ಥಿಗಳದು. ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ಮೇಲ್ಮನವಿಯಲ್ಲಿ, 2021ರವರ ವಿಜ್ಞಾನ ವಿಷಯಗಳ ಅಂಕದಿಂದ ನೂರಕ್ಕೆ ಸರಾಸರಿ ಆರರಷ್ಟು ಕಳೆದು ಉಳಿದದ್ದನ್ನು ಪರಿಗಣಿಸುವ ಸೂತ್ರವನ್ನು ವಿಭಾಗೀಯ ಪೀಠ ಒಪ್ಪಿತು. ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಿ, ತಡವಾಗಿ, ಎಂಜಿನಿಯರಿಂಗ್ ಸೀಟು ಹಂಚಿಕೆ ಶುರುವಾಯಿತು.