ಕನ್ನಂಬಾಡಿ: ಎರಡು ನೆಲೆಗಳ ಊರು

ಮೈಸೂರಿನ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಅಣೆಕಟ್ಟಿಗೆ ಸರ್ಕಾರಿ ಕಡತಗಳಲ್ಲಿ ಕೃಷ್ಣರಾಜಸಾಗರವೆಂಬ ಹೆಸರಿದ್ದರೂ ಮೈಸೂರು–ಮಂಡ್ಯ ಸೀಮೆಯ ಹಳಬರ ಬಾಯಲ್ಲಿ ಅದು ಇಂದಿಗೂ ಕನ್ನಂಬಾಡಿ ಕಟ್ಟೆಯೇ. ಕಟ್ಟೆಗೆ ಹೆಸರು ಕೊಟ್ಟ ಊರು ಮಾತ್ರ ಈಗ ತನ್ನ ಮೂಲ ಸ್ಥಳದಲ್ಲಿಲ್ಲ. ಕಾವೇರಿಯ ಎಡದಂಡೆಯಲ್ಲಿದ್ದ ಹಳೆಯ ಕನ್ನಂಬಾಡಿ ಜಲಾಶಯದ ತಳವಾಗಿದ್ದು, ಅದರ ಜನ ಬಂದು ನೆಲೆಸಿದ ಹೊಸಕನ್ನಂಬಾಡಿಯು ಹಿನ್ನೀರಿನ ಉತ್ತರದ ಅಂಚಿನಲ್ಲಿ, ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿದೆ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಊರು ಮುಳುಗಿದಾಗ ಈ ಪ್ರದೇಶವೆಲ್ಲ ಮೈಸೂರು ಜಿಲ್ಲೆಗೇ ಸೇರಿತ್ತು.

ಈ ಊರಿನ ಚರಿತ್ರೆಗೆಲ್ಲ ಅದರ ನೆಲದ ಗುಣವೇ ಕಾರಣವೆಂದರೆ ತಪ್ಪಾಗದು. ಕೊಡಗಿನ ತಲಕಾವೇರಿಯಿಂದ ಇಳಿದು ಬರುವ ಕಾವೇರಿಗೆ ಇಲ್ಲಿಂದ ಸ್ವಲ್ಪ ಮೇಲ್ಭಾಗದಲ್ಲಿ ಎರಡು ಹೊಳೆಗಳು ಸೇರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಮಲೆಯಲ್ಲಿ ಹುಟ್ಟಿ ಹಾಸನ ಸೀಮೆಯನ್ನು ಹಾದು ಬರುವ ಹೇಮಾವತಿ ಒಂದಾದರೆ, ಕೊಡಗಿನ ಇರ್ಪುವಿನಿಂದ ಹುಣಸೂರಿನ ಮಾರ್ಗವಾಗಿ ಬರುವ ಲಕ್ಷ್ಮಣತೀರ್ಥ ಇನ್ನೊಂದು. ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿಯ ತ್ರಿವೇಣಿ ಸಂಗಮದಲ್ಲಿ 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದದ್ದೂ ಈ ಮೂರು ನದಿಗಳ ಕೂಟದ ನಂಬಿಕೆಯಿಂದಲೇ. ಸುತ್ತಲಿನ ಬಯಲುಸೀಮೆಯಲ್ಲಿ ಬೀಳುವ ಮಳೆ ಸಾಧಾರಣವಾದದ್ದು. ಆದರೆ ಆಷಾಢ–ಶ್ರಾವಣದಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ಇಲ್ಲಿ ಮೋಡ ಕಟ್ಟದಿದ್ದರೂ ಹೊಳೆ ಕೆಂಪಾಗಿ ಉಕ್ಕುತ್ತದೆ. ಹೀಗೆ ಮಲೆನಾಡಿನ ನೀರು ಬಯಲುನಾಡಿಗೆ ಒಟ್ಟಾಗಿ ಬಂದು ಸೇರುವ ಜಾಗ, ಅದರ ಕೆಳಗೆ ಕಿರಿದಾಗುವ ಕಣಿವೆ, ಕಣಿವೆಯ ತಳದಲ್ಲಿ ಗಟ್ಟಿ ಬಂಡೆ, ಇವು ಮೂರೂ ಒಂದೆಡೆ ಕೂಡಿದ್ದರಿಂದ ಊರಿಗೆ ಫಲವತ್ತಾದ ನೆಲವೂ ತೀರ್ಥಕ್ಷೇತ್ರದ ಹಿರಿಮೆಯೂ ದೊರೆತವು, ಮುಂದೆ ಅಣೆಕಟ್ಟಿನ ಸ್ಥಳ ಹುಡುಕುತ್ತ ಬಂದವರ ಕಣ್ಣಿಗೂ ಅದು ಬಿದ್ದಿತು.

ಸ್ಥಳಪುರಾಣವು ಈ ಊರನ್ನು ಕಣ್ವ ಋಷಿಯ ಆಶ್ರಮಕ್ಕೆ ಜೋಡಿಸಿ ಕಣ್ವಪುರಿಯೆಂದು ಕರೆಯುತ್ತದೆ. ಇಲ್ಲಿದ್ದ ಕಣ್ಣೇಶ್ವರ ಲಿಂಗವನ್ನು ಆ ಋಷಿಯೇ ಪೂಜಿಸಿದನೆಂಬುದು ನಂಬಿಕೆ. ಪುರಾಣವನ್ನು ಬದಿಗಿಟ್ಟು ನೋಡಿದರೆ ಊರಿನ ಹಳಮೆಗೆ ದೊಡ್ಡ ಸಾಕ್ಷಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ. ಗರ್ಭಗುಡಿ, ನವರಂಗಗಳಷ್ಟೇ ಅಲ್ಲದೆ ಗುಡಿಯನ್ನು ಬಳಸಿ ಬರುವ ಪ್ರಾಕಾರ, ಅದಕ್ಕೆ ಅಂಟಿಕೊಂಡ ಕಂಬಸಾಲಿನ ಕೈಸಾಲೆ, ಯಾಗಶಾಲೆ, ಪಾಕಶಾಲೆ, ಮಹಾದ್ವಾರಗಳಿಂದ ಕೂಡಿದ ಈ ವಿಸ್ತಾರವಾದ ಕಟ್ಟಡವು ನಿತ್ಯಪೂಜೆಯ ಜತೆಗೆ ಉತ್ಸವ, ಸಂತರ್ಪಣೆಗಳನ್ನು ನಡೆಸುವ ಶಕ್ತಿ ಆ ಊರಿಗೆ ಒಂದು ಕಾಲದಲ್ಲಿ ಇತ್ತೆಂಬುದನ್ನು ತೋರಿಸುತ್ತದೆ. ಕೊಳಲೂದುತ್ತ ನಿಂತ ಕೃಷ್ಣ, ಆ ನಾದಕ್ಕೆ ಕಿವಿಗೊಟ್ಟು ಕತ್ತೆತ್ತಿದ ಹಸುಗಳು ಇಲ್ಲಿನ ಮೂರ್ತಿಯ ಕಲ್ಪನೆ. ದನಕರುಗಳು ಮೇಯುವ ಬಯಲಾಗಿದ್ದ ಹೊಳೆದಂಡೆಗೆ ಇದಕ್ಕಿಂತ ಒಪ್ಪುವ ದೇವರು ಬೇರೆ ಇರಲಾರದು.

ಈ ಕಣಿವೆಯಲ್ಲಿ ನೀರು ನಿಲ್ಲಿಸುವ ಯೋಚನೆ ಇಪ್ಪತ್ತನೆಯ ಶತಮಾನದ್ದಲ್ಲ. ಅಣೆಕಟ್ಟಿನ ಕೆಲಸಕ್ಕೆ ನೆಲ ಅಗೆಯುವಾಗ ಟಿಪ್ಪು ಸುಲ್ತಾನನ ಪಾರಸಿ ಶಾಸನವೊಂದು ಸಿಕ್ಕಿತು. 1790ರ ದಶಕದ ಆ ಶಾಸನ, ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಕಟ್ಟೆ ಕಟ್ಟಲು ಅಡಿಗಲ್ಲಿಟ್ಟದ್ದನ್ನು ತಿಳಿಸುವುದಲ್ಲದೆ, ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವ ರೈತರಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲು ಮಾಫಿಯನ್ನೂ ಘೋಷಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಅದು ಮತ್ತೆ ಮೇಲೆದ್ದದ್ದು ವಿದ್ಯುತ್ತಿನ ಅಗತ್ಯದಿಂದ. 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಡುತ್ತಿದ್ದ ಶಿವನಸಮುದ್ರಕ್ಕೆ ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನೀರು ಸಾಲದಾಗುತ್ತಿದ್ದುದರಿಂದ, ಮಳೆಗಾಲದ ನೀರನ್ನು ಮೇಲೆಯೇ ಹಿಡಿದಿಡಬೇಕಾಯಿತು. ಮುಖ್ಯ ಇಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ನೀಡಿ 1911ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಲ್ಲು ಜೋಡಿಸಿ ಗೋಡೆ ಎಬ್ಬಿಸಲಾಯಿತು. ಮದರಾಸು ಸರ್ಕಾರದ ತಕರಾರಿನಿಂದ ಮೊದಲಿಗೆ ಕಡಿಮೆ ಎತ್ತರಕ್ಕಷ್ಟೇ ಅನುಮತಿ ದೊರೆತರೂ ಪೂರ್ಣ ಎತ್ತರಕ್ಕೆ ತಕ್ಕ ಅಗಲದ ತಳಪಾಯವನ್ನೇ ಹಾಕಿದ್ದು ವಿಶ್ವೇಶ್ವರಯ್ಯನವರ ಪ್ರಸಿದ್ಧ ನಿರ್ಧಾರ. 1924ರ ಫೆಬ್ರವರಿ 18ರ ಒಪ್ಪಂದದ ನಂತರ ಆ ನಿರ್ಧಾರ ಫಲಿಸಿತು. ಕನ್ನಂಬಾಡಿಯವರ ಪಾಲಿಗೆ ಹಿನ್ನೀರಿನ ಎಲ್ಲೆ ಎಲ್ಲಿಯವರೆಗೆ ಬರುವುದೆಂಬುದೂ ಆಗಲೇ ತೀರ್ಮಾನವಾಯಿತು. 124.80 ಅಡಿ ನೀರು ನಿಂತಾಗ ಜಲಾಶಯದಲ್ಲಿ 49.45 ಟಿಎಂಸಿ ನೀರಿರುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ಕಟ್ಟೆಯ ಕುರಿತು ಬಂದ ಬರಹಗಳು ಗೋಡೆಯ ಉದ್ದ, ಖರ್ಚಿನ ಲಕ್ಷಗಳು, ವಿಶ್ವೇಶ್ವರಯ್ಯ ನಾಲೆಯಿಂದ ಮಂಡ್ಯದಲ್ಲಿ ಹಬ್ಬಿದ ಕಬ್ಬು, 1933ರ ಸಕ್ಕರೆ ಕಾರ್ಖಾನೆ ಇವುಗಳ ಬಗ್ಗೆ ಧಾರಾಳವಾಗಿ ಹೇಳುತ್ತವೆ, ನೀರಿನಡಿ ಹೋದ ಊರುಗಳ ವಿಷಯಕ್ಕೆ ಬಂದಾಗ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ಲಾಭ ಕಂಡದ್ದು ಕಟ್ಟೆಯ ಕೆಳಗಿನ ಸೀಮೆ, ನೆಲ ಬಿಟ್ಟದ್ದು ಮೇಲಿನ ಸೀಮೆ. ಈ ವ್ಯತ್ಯಾಸ ಚರಿತ್ರೆಯಲ್ಲಿ ಸಿಕ್ಕ ಜಾಗದಲ್ಲೂ ಕಾಣುತ್ತದೆ. ಕನ್ನಂಬಾಡಿಯ ಜನ ಎತ್ತರದ ನೆಲಕ್ಕೆ ಬಂದಾಗ ದೇವರ ಮೂರ್ತಿಯನ್ನೂ ಹೊತ್ತು ತಂದು ಹೊಸ ಊರಿನಲ್ಲಿ ಪೂಜೆ ಮುಂದುವರಿಸಿದರು; ಕಲ್ಲಿನ ಗುಡಿ ಮಾತ್ರ ಹಿಂದೆ ಉಳಿಯಿತು. ಇಂಥ ಊರುಗಳು ಬೇರೆಡೆಯೂ ಇವೆ. ರಷ್ಯಾದಲ್ಲಿ ವೋಲ್ಗಾ ನದಿಯ ರಿಬಿನ್‌ಸ್ಕ್ ಜಲಾಶಯಕ್ಕೆ 1941ರಲ್ಲಿ ನೀರು ತುಂಬತೊಡಗಿದಾಗ ಮುಳುಗಿದ ಮೊಲೊಗ ಎಂಬ ಹಳೆಯ ಪಟ್ಟಣದ ಅಡಿಪಾಯಗಳು ನೀರು ಇಳಿದ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕನ್ನಂಬಾಡಿಯ ಗುಡಿಯೂ ಹಾಗೆಯೇ ಬರಗಾಲದಲ್ಲಿ ತಲೆಯೆತ್ತುತ್ತಿತ್ತು. ಬೆಳೆ ಒಣಗಿದ ವರ್ಷವೇ ದೇವರ ಮನೆ ಕಾಣುತ್ತಿದ್ದ ಈ ಸ್ಥಿತಿಯಲ್ಲಿ ಅದನ್ನು ನೋಡಿ ಸಂತೋಷಪಡುವುದು ರೈತನಿಗೆ ಸುಲಭವಾಗಿರಲಾರದು.

ಸುಮಾರು ಎಪ್ಪತ್ತು ವರ್ಷ ನೀರು–ಬಿಸಿಲುಗಳ ನಡುವೆ ಸವೆದ ಈ ದೇವಾಲಯವನ್ನು ಮೇಲೆ ತರುವ ಕೆಲಸಕ್ಕೆ ಈ ಶತಮಾನದ ಮೊದಲ ದಶಕದಲ್ಲಿ ಉದ್ಯಮಿ ಶ್ರೀಹರಿ ಖೋಡೆ ಅವರ ಪ್ರತಿಷ್ಠಾನ ಮುಂದಾಯಿತು. ಗಾರೆಯನ್ನು ನೆಚ್ಚದೆ ಕಲ್ಲಿಗೆ ಕಲ್ಲನ್ನು ಹೊಂದಿಸಿ ಕಟ್ಟುವ ಹೊಯ್ಸಳರ ಕಾಲದ ಪದ್ಧತಿಯೇ ಇಲ್ಲಿ ನೆರವಿಗೆ ಬಂದಿತು. ಸಾವಿರಾರು ಛಾಯಾಚಿತ್ರಗಳನ್ನು ತೆಗೆದು, ಪ್ರತಿ ಕಲ್ಲಿಗೂ ಗುರುತು ಹಾಕಿ, ಮೇಲಿನಿಂದ ಕೆಳಕ್ಕೆ ಬಿಚ್ಚಿ, ಸುಮಾರು ಒಂದು ಕಿಲೋಮೀಟರ್ ಆಚೆ ಹೊಸಕನ್ನಂಬಾಡಿಯ ಬಳಿ ಕೆಳಗಿನಿಂದ ಮೇಲಕ್ಕೆ ಅದೇ ಕ್ರಮದಲ್ಲಿ ಜೋಡಿಸಲಾಯಿತು. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯವನ್ನು 1960ರ ದಶಕದಲ್ಲಿ ನೈಲ್ ನದಿಯ ನೀರಿನಿಂದ ಪಾರುಮಾಡುವಾಗ ಒಂದೇ ಬಂಡೆಯನ್ನು ಗರಗಸದಿಂದ ತುಂಡರಿಸಬೇಕಾಗಿತ್ತು. ಇಲ್ಲಿ ಆ ತೊಂದರೆ ಇರಲಿಲ್ಲ. ಹಾಳಾದ ಕಲ್ಲುಗಳ ಜಾಗಕ್ಕೆ ಹೊಸ ಕಲ್ಲು ಕೂರಿಸಿ, ಅಂಗಳವನ್ನು ನುಣ್ಣಗೆ ಹಾಸಿದ ಈಗಿನ ಗುಡಿ ಹಳೆಯ ಗುಡಿಗಿಂತ ಹೆಚ್ಚು ಅಚ್ಚುಕಟ್ಟಾಗಿದೆ. ಪುರಾತತ್ತ್ವದ ಕಟ್ಟುನಿಟ್ಟಿನ ದೃಷ್ಟಿಗೆ ಇದು ಪೂರ್ತಿ ಒಪ್ಪಿಗೆಯಾಗದಿರಬಹುದು. ಆದರೆ ಹೂಳಿನಲ್ಲಿ ಕುಸಿಯುತ್ತಿದ್ದ ಕಟ್ಟಡಕ್ಕೆ ಬೇರೆ ದಾರಿಯೂ ಇರಲಿಲ್ಲ.

ಇಂದು ರಜೆಯ ದಿನಗಳಲ್ಲಿ ಮೈಸೂರು, ಬೆಂಗಳೂರುಗಳಿಂದ ಬರುವ ಕಾರುಗಳು ಹಿನ್ನೀರಿನ ಅಂಚಿನವರೆಗೂ ಸಾಲುಗಟ್ಟುತ್ತವೆ. ಊರಿನ ಒಕ್ಕಲುತನ ಮಾತ್ರ ಜಲಾಶಯದ ಮಟ್ಟಕ್ಕೆ ಕಟ್ಟುಬಿದ್ದಿದೆ. ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುವ ಕಟ್ಟೆಯ ಅಡಿ ಲೆಕ್ಕವು ನಾಲೆ ಬಯಲಿನ ರೈತನಿಗೆ ನೀರು ಬಿಡುವ ದಿನವನ್ನು ಸೂಚಿಸಿದರೆ, ಹಿನ್ನೀರು ದಂಡೆಯ ರೈತನಿಗೆ ಎಷ್ಟು ನೆಲ ಬಯಲಾಗಿದೆ, ಎಷ್ಟು ಮುಳುಗಲಿದೆ ಎಂಬುದನ್ನು ತಿಳಿಸುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಮೆಕ್ಕಲು ನೆಲದಲ್ಲಿ ಬಿತ್ತಿದವನು ಮುಂಗಾರಿಗೆ ಮೊದಲೇ ಕುಯ್ಲು ಮುಗಿಸಬೇಕು. ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಅರ್ಪಿಸುವುದು ಸಾಮಾನ್ಯವಾಗಿ ಜುಲೈ ಅಥವಾ ಆ ಮೇಲಿನ ಮಾತಾಗಿತ್ತು. 2025ರಲ್ಲಿ ಕಟ್ಟೆ ಮೊದಲ ಬಾರಿಗೆ ಜೂನ್ ತಿಂಗಳಲ್ಲೇ ತುಂಬಿ 30ರಂದು ಬಾಗಿನ ಅರ್ಪಣೆ ನಡೆಯಿತು. ನಾಲೆಯ ಕೆಳಗಿನವರಿಗೆ ಅಂಥ ವರ್ಷ ಹಬ್ಬವಾದರೆ, ಹಿನ್ನೀರಿನ ಬಯಲನ್ನು ನಂಬಿ ತಡವಾಗಿ ಬಿತ್ತಿದವರು ಅರೆಬಲಿತ ಬೆಳೆಯನ್ನೇ ಕೊಯ್ದು ದನಗಳಿಗೆ ಹಾಕಬೇಕಾಗುತ್ತದೆ.